ಬಿಯರ್ ಚೆನ್ನಾಗಿದೆ, ಘೀ ರೋಸ್ಟ್ ಅಡ್ಡಿಲ್ಲ, ಬಿಲ್ ಮಾತ್ರ ನೋಡಿ ಕೊಡಿ

"ಗ್ಯಾಸ್ಟ್ರೋಪಬ್ ಅಂದ್ರೆ ತಿಂದ ಮೇಲೆ ಗ್ಯಾಸ್ಟ್ರಿಕ್ ಬರೋ ಪಬ್ಬಾ?" ಅಂತ ನಮ್ಮ ಕುಂದಾಪುರದ ಗೆಳೆಯ ಮೆಟ್ಟಿಲು ಹತ್ತುವಾಗಲೇ ಶುರು ಮಾಡಿದ. ಬೋರ್ಡ್ ಮೇಲೆ ಹಾಗೇ ಬರೆದಿದ್ದಾರೆ, ಅವನ ತಪ್ಪಿಲ್ಲ. ಲಂಡನ್ನಿನಲ್ಲಿ 1991ರಲ್ಲಿ ಇಬ್ಬರು ಸೇರಿ ಈಗಲ್ ಅನ್ನುವ ಪಬ್ ಹಿಡಿದು, ಕುಡಿಯೋಕೆ ಬಂದವರಿಗೆ ಒಳ್ಳೆ ಅಡುಗೆ ಮಾಡಿ ಹಾಕಿದರು. ಆ ಥರದ ಜಾಗಕ್ಕೆ ಈ ಹೆಸರು ಬಂತು. ನಮ್ಮಲ್ಲಿ ಬಾರ್ ಅಂಡ್ ರೆಸ್ಟೋರೆಂಟ್ ಯಾವತ್ತಿಂದಲೋ ಇದೆ, ಮಂದ ಬೆಳಕು, ಫ್ಯಾಮಿಲಿ ರೂಮು, ಚಿಲ್ಲಿ ಚಿಕನ್ ಎಲ್ಲಾ ಸೇರಿ. ಅದಕ್ಕೆ ಇಷ್ಟು ಚೆಂದದ ಹೆಸರು ಯಾರೂ ಇಡಲಿಲ್ಲ ಅಷ್ಟೇ.

ಜಾಗ ಜೆ.ಪಿ. ನಗರದ ಕಡೆ, ತಮ್ಮದೇ ಬಿಯರ್ ಮಾಡುವ ಬ್ರೂವರಿ. ಹೆಸರು ಬರೆಯಲ್ಲ, ಯಾಕೆ ಅಂತ ಬಿಲ್ಲಿನ ಹತ್ತಿರ ಬಂದಾಗ ಗೊತ್ತಾಗುತ್ತೆ. ಶನಿವಾರ ಸಂಜೆ ಏಳಕ್ಕೆ ಹೋದೆವು. ಕುಡಿಯುವವರು ಮೂವರು. ನಾಲ್ಕನೆಯವಳು ಕುಡಿಯಲ್ಲ, ಮಾಂಸವನ್ನೂ ತಿನ್ನಲ್ಲ, ಆದರೆ ನಮ್ಮ ಜೊತೆ ಬಾರದೇ ಬಿಡಲ್ಲ. ಎಲ್ಲರೂ ಹಸಿರು ಲೈನಿನ ಮೆಟ್ರೋ ಹಿಡಿದು ಬಂದಿದ್ದೆವು, ಗಾಡಿ ತರುವ ಮಾತೇ ಇಲ್ಲ.

ಮೊದಲು ಚಿಕ್ಕ ಚಿಕ್ಕ ಗ್ಲಾಸಿನ ಸ್ಯಾಂಪ್ಲರ್ ತರಿಸಿದೆವು. ಸ್ಟೌಟ್ ಅನ್ನುವ ಕಪ್ಪು ಬಿಯರ್ ಖಾಲಿಯಾಗಿತ್ತು. ವೀಟ್ ಬಿಯರ್ ಮಾತ್ರ ಸೂಪರ್, ಮಬ್ಬಾಗಿ, ಮೇಲೆ ದಪ್ಪ ನೊರೆ, ಮೂಗಿಗೆ ಹತ್ತಿರ ತಂದರೆ ಹಣ್ಣಾದ ಬಾಳೆಹಣ್ಣು, ಹಿಂದೆಯೇ ಸಣ್ಣಗೆ ಲವಂಗ. "ಬಾಳೆಹಣ್ಣು ಹಾಕ್ತೀರಾ?" ಅಂತ ಕೇಳಿದೆ. ಹುಡುಗ ನಕ್ಕು, "ಇಲ್ಲ ಸಾರ್, ಎಲ್ಲರೂ ಇದನ್ನೇ ಕೇಳ್ತಾರೆ, ಅದು ಯೀಸ್ಟ್ ಕೆಲಸ" ಅಂದ. ಹೌದು, ಈ ಜಾತಿಯ ಜರ್ಮನ್ ಗೋಧಿ ಬಿಯರಿನಲ್ಲಿ ಆ ಎರಡು ಘಮವೂ ಯೀಸ್ಟಿನಿಂದಲೇ ಬರೋದು. ಬಡಿಸುವವನಿಗೆ ಇಷ್ಟು ಗೊತ್ತಿದ್ದರೆ ನನಗೆ ಅರ್ಧ ಖುಷಿ.

ಇನ್ನು ಊಟ. ಫಿಶ್ ಅಂಡ್ ಚಿಪ್ಸ್ ತರಿಸಿದ್ದು ನನ್ನ ತಪ್ಪು. ಹಿಟ್ಟು ಮೆತ್ತಗೆ, ಒಳಗೆ ರುಚಿಯಿಲ್ಲದ ಬಾಸಾ ಮೀನು. ಕುಂದಾಪುರದವನು ಒಂದು ತುಂಡು ಮುರಿದು ನೋಡಿ, ಏನೂ ಹೇಳದೆ ತಟ್ಟೆಯನ್ನು ನನ್ನ ಕಡೆ ತಳ್ಳಿದ.

ಆಮೇಲೆ ಚಿಕನ್ ಘೀ ರೋಸ್ಟ್ ಬಂತು, ಜೊತೆಗೆ ನೀರುದೋಸೆ. ನಮಗೆಲ್ಲ ಸಣ್ಣ ಟೆನ್ಷನ್. ಘೀ ರೋಸ್ಟ್ ಹುಟ್ಟಿದ್ದೇ ಕುಂದಾಪುರದ ಶೆಟ್ಟಿ ಲಂಚ್ ಹೋಮಿನಲ್ಲಿ ಅಂತಾರೆ, ಅದನ್ನು ತಿಂದು ಬೆಳೆದವನು ಎದುರಿಗೆ ಕೂತಿದ್ದಾನೆ. ಮಸಾಲೆ ಬ್ಯಾಡಗಿ ಮೆಣಸಿನ ಕಡುಕೆಂಪು, ಗ್ರೇವಿಯ ಥರ ಹರಿಯದೆ ಕೋಳಿಗೆ ಅಂಟಿಕೊಂಡಿತ್ತು, ಅಂಚಿನಲ್ಲಿ ತುಪ್ಪ ಬಿಟ್ಟಿತ್ತು. ಅವನು ನೀರುದೋಸೆ ಹರಿದು, ಕೋಳಿ ಬಿಟ್ಟು ಬರೀ ಮಸಾಲೆ ಒರೆಸಿಕೊಂಡು ಬಾಯಿಗಿಟ್ಟ. ಮೊದಲು ಹುಳಿ ನೋಡಬೇಕಂತೆ. ಒಂದು ನಿಮಿಷ ಸುಮ್ಮನಿದ್ದ. "ಅಡ್ಡಿಲ್ಲೆ ಮಾರಾಯ" ಅಂದ. ಕುಂದಾಪುರದವರ ಬಾಯಲ್ಲಿ ಅದು ಫಸ್ಟ್ ಕ್ಲಾಸ್ ಸರ್ಟಿಫಿಕೇಟ್, ಅದಕ್ಕಿಂತ ಜಾಸ್ತಿ ನಿರೀಕ್ಷೆ ಮಾಡಬೇಡಿ. ಬೆಲ್ಲ ಸ್ವಲ್ಪ ಮುಂದಾಗಿದೆ ಅನ್ನೋದು ಅವನ ತಕರಾರು. ನನಗೇನೂ ಅನಿಸಲಿಲ್ಲ, ಇನ್ನೊಂದು ಪ್ಲೇಟ್ ಹೇಳಿದೆವು.

ನಾಲ್ಕನೆಯವಳ ಪಾಡು ಕೇಳಬೇಡಿ. ವೆಜ್ ಅಂದರೆ ಪನೀರ್, ಅದೇ ಪನೀರ್ ಮೂರು ಬಣ್ಣದಲ್ಲಿ. ಮಶ್ರೂಮ್ ಪೆಪ್ಪರ್ ಫ್ರೈ ಚೆನ್ನಾಗಿತ್ತಂತೆ. ನಿಪ್ಪಟ್ಟು ಮಸಾಲೆಯನ್ನು ಕರಿಕಲ್ಲಿನ ಮೇಲೆ ಜೋಡಿಸಿ ತಂದರು, 260 ರೂಪಾಯಿ. ಈರುಳ್ಳಿ, ಕ್ಯಾರೆಟ್ ತುರಿ, ಖಾರದ ಚಟ್ನಿ, ನಮ್ಮ ಗಾಡಿಯವನು ಮಾಡುವುದೇ, ಅವನ ಹತ್ತಿರ ಕಲ್ಲಿಲ್ಲ ಅಷ್ಟೇ. ಕುಡಿಯೋಕೆ ಅವಳಿಗೆ ಸಿಕ್ಕಿದ್ದು 180 ರೂಪಾಯಿಯ ಲೈಮ್ ಸೋಡಾ. ಎಂಟು ಥರ ಬಿಯರ್ ಮಾಡೋಕೆ ಬರುವವರಿಗೆ ಒಂದು ಕೋಕಂ ಜ್ಯೂಸ್ ಮಾಡೋಕೆ ಏನು ಕಷ್ಟ?

ಎಂಟೂವರೆಗೆ ಡಿಜೆ ಬಂದ. ಅಲ್ಲಿಗೆ ಮಾತು ಮುಗಿಯಿತು. ಅವಳು ಕೆಲಸ ಬಿಡುವ ವಿಷಯ ಹೇಳುತ್ತಿದ್ದಳು, ನನಗೆ ಕೇಳಿಸಿದ್ದು "ಬಿಡ್ತೀನಿ" ಒಂದೇ. ಗಂಡನನ್ನೋ ಅಂತ ಗಾಬರಿಯಾಗಿ ಇನ್ನೊಂದು ಸಲ ಕೂಗಿ ಕೇಳಬೇಕಾಯಿತು. ವಾಲ್ಯೂಮ್ ಕಡಿಮೆ ಮಾಡಿ ಅಂದರೆ ಎರಡು ನಿಮಿಷ ಮಾಡಿದರು, ಮತ್ತೆ ಅದೇ.

ಈಗ ಬಿಲ್ಲು. ತಿಂದದ್ದು, ಸೋಡಾ ಸೇರಿ 2,710. ಬಿಯರ್ 2,370. ಕೆಳಗೆ ತಣ್ಣಗೆ ಶೇ 10 ಸರ್ವೀಸ್ ಚಾರ್ಜ್, 508 ರೂಪಾಯಿ, ಅದರ ಮೇಲೆ ಜಿಎಸ್‌ಟಿ ಬೇರೆ. ಹೋಟೆಲಿನವರು ತಾವಾಗಿಯೇ ಸರ್ವೀಸ್ ಚಾರ್ಜ್ ಹಾಕುವಂತಿಲ್ಲ ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿ ಹಿಡಿದಿದೆ. ತೆಗೆಯಿರಿ ಅಂದೆ. ಬಡಿಸಿದ ಹುಡುಗ ಪಾಪ ನೆಲ ನೋಡುತ್ತಾ "ಮ್ಯಾನೇಜರ್‌ನ ಕೇಳಬೇಕು ಸಾರ್" ಅಂದ. ಮ್ಯಾನೇಜರ್ ಬಂದು "ಇದು ಸ್ಟಾಫ್‌ಗೇ ಹೋಗುತ್ತೆ" ಅಂದರು. ಹಾಗಿದ್ದರೆ ನಾವೇ ಅವನ ಕೈಗೆ ಕೊಡ್ತೀವಿ ಬಿಡಿ ಅಂದೆವು. ಹೊಸ ಬಿಲ್ ಬರೋಕೆ ಹತ್ತು ನಿಮಿಷ ಹಿಡಿಯಿತು. ಜಗಳ ಆಡಲಿಲ್ಲ, ಆದರೆ ಅಷ್ಟು ಹೊತ್ತು ಪಕ್ಕದ ಟೇಬಲ್ಲಿನವರು ನಮ್ಮನ್ನು ಜಿಪುಣರ ಥರ ನೋಡಿದರು. ಹುಡುಗನಿಗೆ 300 ಕೊಟ್ಟೆವು. ಬಿಯರಿನ ಲೆಕ್ಕ ನಾವು ಮೂವರೇ ಹಂಚಿಕೊಂಡೆವು, ಸೋಡಾ ಕುಡಿದವಳಿಗೆ ಅದನ್ನು ಕಟ್ಟಿದರೆ ಮುಂದಿನ ಸಲ ಬರುತ್ತಾಳಾ?

ಹೋಗುವವರು ಆರೂವರೆಗೆ ಹೋಗಿ, ಬಾಲ್ಕನಿಯ ಟೇಬಲ್ ಕೇಳಿ, ವೀಟ್ ಬಿಯರಿಗೆ ನೆಂಚಿಕೊಳ್ಳೋಕೆ ಘೀ ರೋಸ್ಟ್ ಹೇಳಿ. ನೀರುದೋಸೆ ಪ್ಲೇಟಿಗೆ ಮೂರೇ ಕೊಡ್ತಾರೆ, ಮೊದಲೇ ಎರಡು ಪ್ಲೇಟ್ ಹೇಳಿಬಿಡಿ, ಕೊನೆಗೆ ಮಸಾಲೆ ಉಳಿಯುತ್ತೆ.