ಕ್ಯಾನನ್ ಮಾರಿ ನಿಕಾನ್‌ಗೆ ಹೋದೆ: ಮೂವರ ಪಾಲಿನ ಲೆನ್ಸ್ ಜೊತೆ ಎರಡು ವರ್ಷ

ಕ್ಯಾನನ್ ಕೆಟ್ಟದ್ದು ಅಂತ ನಾನು ನಿಕಾನ್‌ಗೆ ಹೋದದ್ದಲ್ಲ. ಹಾಸ್ಟೆಲಿನಲ್ಲಿ ಹಕ್ಕಿ ಫೋಟೊ ತೆಗೆಯುವ ಇನ್ನಿಬ್ಬರ ಹತ್ತಿರ ನಿಕಾನ್ ಇತ್ತು, ಅಷ್ಟೇ. ವಿದ್ಯಾರ್ಥಿಯಾದವರು ಕ್ಯಾಮೆರಾ ಆರಿಸುವಾಗ ಯೂಟ್ಯೂಬ್ ನೋಡುವ ಮೊದಲು ಪಕ್ಕದ ರೂಮಿನವರು ಯಾವ ಕಂಪನಿಯದ್ದು ಬಳಸುತ್ತಾರೆ ಅಂತ ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ. ಬಾಡಿಯನ್ನು, ಅಂದರೆ ಲೆನ್ಸ್ ಇಲ್ಲದ ಬರೀ ಕ್ಯಾಮೆರಾವನ್ನು, ಹೇಗೋ ಒಬ್ಬರೇ ಕೊಳ್ಳಬಹುದು. ದೂರದ ಹಕ್ಕಿಯನ್ನು ಹತ್ತಿರ ತೋರಿಸುವ 500 ಎಂಎಂ ಲೆನ್ಸ್ ನಮ್ಮಂಥವರ ಕೈಗೆ ಎಟುಕುವುದು ಕಷ್ಟ; ಎಲ್ಲರದ್ದೂ ಒಂದೇ ಕಂಪನಿಯದ್ದಾದರೆ ಪಾಲು ಹಾಕಿ ಕೊಳ್ಳಬಹುದು.

ನಾನು ಓದುವುದು ಶಿವಮೊಗ್ಗ ಜಿಲ್ಲೆಯ ಶಂಕರಘಟ್ಟದಲ್ಲಿ. ಲಕ್ಕವಳ್ಳಿ, ಭದ್ರಾ ಹಿನ್ನೀರು ಎಲ್ಲ ಹತ್ತಿರ. ಪಕ್ಷಿಧಾಮ ಇರುವ ಮಂಡಗದ್ದೆಗೂ ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಮೊದಲು ನನ್ನ ಹತ್ತಿರ ಇದ್ದದ್ದು ಕ್ಯಾನನ್ 1500ಡಿ, ಅದರ ಜೊತೆ ಬಂದ 18-55 ಮತ್ತು 55-250 ಲೆನ್ಸ್‌ಗಳು. ಆ 55-250 ಬಗ್ಗೆ ಒಂದು ಮಾತೂ ಕೆಟ್ಟದಾಗಿ ಹೇಳುವುದಿಲ್ಲ. 400 ಗ್ರಾಂಗಿಂತ ಕಡಿಮೆ ತೂಕ, ಶಾರ್ಪ್ ಚಿತ್ರ. ಕೂತಿರುವ ಮಿಂಚುಳ್ಳಿಗೆ, ಚಿಟ್ಟೆಗೆ ಅದು ಸಾಕು. ತೊಂದರೆ ಶುರುವಾಗುವುದು ಹಕ್ಕಿ ಹಾರಿದಾಗ. 1500ಡಿ ಸೆಕೆಂಡಿಗೆ 3 ಚಿತ್ರ ತೆಗೆಯುತ್ತದೆ. ರಾ ಫೈಲಾದರೆ (ಕ್ಯಾಮೆರಾ ತಿದ್ದದೆ ಉಳಿಸುವ ಕಚ್ಚಾ ಚಿತ್ರ) 6 ಚಿತ್ರಕ್ಕೆ ಬಫರ್, ಅಂದರೆ ಕಾರ್ಡಿಗೆ ಹೋಗುವ ಮೊದಲು ಚಿತ್ರ ಇರುವ ತಾತ್ಕಾಲಿಕ ಮೆಮೊರಿ, ತುಂಬಿ ನಿಂತುಬಿಡುತ್ತದೆ. ಫೋಕಸ್ ಪಾಯಿಂಟ್ 9 ಇವೆ, ಅದರಲ್ಲಿ ನಂಬಬಹುದಾದದ್ದು ನಡುವಿನ ಒಂದೇ. ಹಿನ್ನೀರಿನ ನಡುಗಡ್ಡೆಗಳಲ್ಲಿ ಬೇಸಿಗೆ ಹೊತ್ತಿಗೆ ರಿವರ್ ಟರ್ನ್ ಹಕ್ಕಿಗಳು ಗೂಡು ಮಾಡುತ್ತವೆ. ಮೀನಿಗಾಗಿ ನೀರಿಗೆ ಧುಮುಕುವ ಆ ಹಕ್ಕಿಯನ್ನು ಈ ಕ್ಯಾಮೆರಾದಲ್ಲಿ ಹಿಡಿಯುವುದು ಹೆಚ್ಚುಕಡಿಮೆ ಅದೃಷ್ಟದ ಮಾತು.

ಈಗ ಲೆಕ್ಕ. ಕ್ಯಾನನ್ ಬಾಡಿ, ಎರಡು ಲೆನ್ಸ್ ಸೇರಿ 24,000 ರೂಪಾಯಿಗೆ ಹೋಯಿತು. ಸೆಕೆಂಡ್ ಹ್ಯಾಂಡ್ ನಿಕಾನ್ ಡಿ7200, ಜೊತೆಗೆ 18-140 ಲೆನ್ಸ್ ಸೇರಿ 42,000. ನಿಕಾನ್ 200-500 ಎಫ್/5.6, ಅದೂ ಸೆಕೆಂಡ್ ಹ್ಯಾಂಡೇ, 66,000. ಇದನ್ನು ಮೂವರು ಸೇರಿ ಕೊಂಡೆವು, ನನ್ನ ಪಾಲು 22,000. ಒಂದು ಬ್ಯಾಟರಿ, ಡಬ್ಬ, ಸಿಲಿಕಾ ಜೆಲ್ ಅಂತ ಇನ್ನೊಂದು 3,000. ಅಂದರೆ ಕೈಯಿಂದ ಹೋದದ್ದು 43,000. ಅರ್ಧ ಟ್ಯೂಷನ್ ಹೇಳಿ ಉಳಿಸಿದ್ದು, ಇನ್ನರ್ಧ ಅಪ್ಪ ಅಡಿಕೆ ಮಾರಿದಾಗ ಕೊಟ್ಟದ್ದು. ಎಸ್‌ಡಿ ಕಾರ್ಡ್, ಟ್ರೈಪಾಡ್, ಬ್ಯಾಗ್ ಹಳೆಯವೇ ನಡೆದವು. ಚಿತ್ರ ತಿದ್ದಲು ಮೊದಲಿಂದಲೂ ಡಾರ್ಕ್‌ಟೇಬಲ್ ಬಳಸುತ್ತಿದ್ದೆ. ಅದು ಪುಕ್ಕಟೆ, ಹೆಚ್ಚುಕಡಿಮೆ ಎಲ್ಲ ಕಂಪನಿಗಳ ರಾ ಫೈಲ್ ತೆರೆಯುತ್ತದೆ. ಹಾಗಾಗಿ ಅಲ್ಲಿ ಹೊಸದಾಗಿ ಕಲಿಯುವುದು ಏನೂ ಇರಲಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಅಂಗಡಿಗೆ ಒಂದು ಟಾರ್ಚ್ ಒಯ್ಯಿರಿ. ನನಗೆ ಮೊದಲು ತೋರಿಸಿದ 18-140ರ ಒಳಗೆ ಅಂಚಿನಲ್ಲಿ ಜೇಡರ ಬಲೆಯಂಥ ಫಂಗಸ್ ಇತ್ತು. ಅಂಗಡಿಯವರು 'ಅದು ಧೂಳು ಸರ್' ಅಂದರು. ಧೂಳು ಎಳೆ ಎಳೆಯಾಗಿ ಬೆಳೆಯುವುದಿಲ್ಲ ಅಲ್ವಾ? ಬೇರೆ ಲೆನ್ಸ್ ಕೊಡಿ ಅಂತ ಪಟ್ಟು ಹಿಡಿದೆ, ಕೊಟ್ಟರು. ನಿಕಾನ್‌ನಲ್ಲಿ ಒಂದು ಅನುಕೂಲ ಇದೆ. ತೆಗೆದ ಚಿತ್ರದ ಫೈಲಿನಲ್ಲೇ ಶಟರ್ ಕೌಂಟ್, ಅಂದರೆ ಕ್ಯಾಮೆರಾ ಅಲ್ಲಿಯವರೆಗೆ ಎಷ್ಟು ಚಿತ್ರ ತೆಗೆದಿದೆ ಅನ್ನುವ ಲೆಕ್ಕ, ಸಿಗುತ್ತದೆ. ನನ್ನದು ಆಗ 41,000 ಚಿಲ್ಲರೆ ಓಡಿತ್ತು. ಡಿ7200ರ ಶಟರನ್ನು ಕಂಪನಿ 1,50,000ದವರೆಗೆ ಪರೀಕ್ಷೆ ಮಾಡಿದೆ, ಹಾಗಾಗಿ ಚಿಂತೆ ಇರಲಿಲ್ಲ.

ಇನ್ನು ಬಳಕೆ. ಡಿ7200 ಬಂದದ್ದು 2015ರಲ್ಲಿ, 200-500 ಲೆನ್ಸ್ ಕೂಡ ಅದೇ ವರ್ಷದ್ದು. ಹಳೆಯದು ಅಂತ ಕಾಣುವುದು ವಿಡಿಯೊದಲ್ಲಿ ಮತ್ತು ಹಿಂದಿನ ಪರದೆ ನೋಡಿ ತೆಗೆಯುವ ಲೈವ್ ವ್ಯೂ ಫೋಕಸ್‌ನಲ್ಲಿ ಮಾತ್ರ. ವ್ಯೂಫೈಂಡರಿನಲ್ಲಿ ಕಣ್ಣಿಟ್ಟು ತೆಗೆದರೆ ಸೆಕೆಂಡಿಗೆ 6 ಚಿತ್ರ, 51 ಫೋಕಸ್ ಪಾಯಿಂಟ್. ಪೂರ್ತಿ ಗುಣಮಟ್ಟದ ರಾ ಇಟ್ಟರೂ 18 ಚಿತ್ರದವರೆಗೆ ತಡೆಯದೆ ಓಡುತ್ತದೆ. ಆಗ ವೇಗ ಸೆಕೆಂಡಿಗೆ 5 ಚಿತ್ರಕ್ಕೆ ಇಳಿಯುತ್ತದೆ, ಅಂದರೆ ಸುಮಾರು ಮೂರೂವರೆ ಸೆಕೆಂಡು. ಟರ್ನ್ ಒಮ್ಮೆ ಧುಮುಕಿ ಏಳಲು ಅಷ್ಟು ಸಾಕು. ಬಿಸಿಲಿದ್ದರೆ 1/2000 ಸೆಕೆಂಡು, ಎಫ್/5.6 ಇಟ್ಟುಕೊಂಡು ದೋಣಿಯಿಂದ ತೆಗೆಯುತ್ತೇನೆ. 250ರಿಂದ 500ಕ್ಕೆ ಹೋದಾಗ ಹಕ್ಕಿ ಚಿತ್ರದಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು ಅಗಲ ಕಾಣುತ್ತದೆ. ಗೂಡಿನಿಂದ ದೂರ ಉಳಿದೂ ಕೆಲಸ ಆಗುತ್ತದೆ. ನನಗೆ ದುಡ್ಡು ಕೊಟ್ಟದ್ದು ಸಾರ್ಥಕ ಅನ್ನಿಸಿದ್ದು ಇಲ್ಲಿ.

ಕಾಡಿನೊಳಗೆ ಕಥೆ ಬೇರೆ. ಜೂನ್, ಜುಲೈನಲ್ಲಿ ಮರದ ಕೆಳಗೆ ಬೆಳಕೇ ಇರುವುದಿಲ್ಲ. ಎಫ್ ಸಂಖ್ಯೆ ಹೆಚ್ಚಾದಷ್ಟು ಲೆನ್ಸ್ ಒಳಗೆ ಬಿಡುವ ಬೆಳಕು ಕಡಿಮೆ, ಹಾಗಾಗಿ ಎಫ್/5.6 ಇಲ್ಲಿ ಸಾಲುವುದಿಲ್ಲ. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 3200 ಇಟ್ಟು, ಕೈ ನಡುಕ ಸರಿದೂಗಿಸುವ ಲೆನ್ಸಿನ ವಿಆರ್ ನಂಬಿ 1/250ರಲ್ಲಿ ಕೂತ ಮಂಗಟ್ಟೆಯನ್ನು ತೆಗೆಯಬಹುದು. ಅದು ಕತ್ತು ತಿರುಗಿಸಿದರೆ ಚಿತ್ರ ಹೋಯಿತು. ಎಫ್/4 ಲೆನ್ಸ್ ಕೊಳ್ಳಿ ಅನ್ನುವವರು ಅದರ ಬೆಲೆಯನ್ನೂ ಹೇಳಲಿ.

200-500ರ ತೂಕ 2.3 ಕೆ.ಜಿ. ಇದನ್ನು ಯಾರೂ ಲಘುವಾಗಿ ತೆಗೆದುಕೊಳ್ಳಬೇಡಿ. ಬೆಳಿಗ್ಗೆಯೆಲ್ಲ ಹೊತ್ತು ನಡೆದರೆ ಮಧ್ಯಾಹ್ನ ಕೈ ನಡುಗುತ್ತದೆ. ಕತ್ತಿಗೆ ಬೆಲ್ಟ್ ಹಾಕಿ ಬಾಡಿಯಿಂದ ನೇತುಹಾಕಬೇಡಿ, ಲೆನ್ಸಿನ ಕಾಲರ್ (ಟ್ರೈಪಾಡಿಗೆ ಕೂರಿಸುವ ಬಳೆ) ಹಿಡಿದೇ ನಡೆಯಿರಿ. ಜೂಮ್ ರಿಂಗ್ ಕೂಡ ಉದ್ದ ತಿರುಗುತ್ತದೆ, 200ರಿಂದ 500ಕ್ಕೆ ಒಂದೇ ತಿರುವಿನಲ್ಲಿ ಹೋಗಲು ಆಗುವುದಿಲ್ಲ. ಅದರ ಮೇಲೆ ಕ್ಯಾನನ್‌ಗೂ ನಿಕಾನ್‌ಗೂ ಜೂಮ್ ತಿರುಗುವ ದಿಕ್ಕೇ ಉಲ್ಟಾ, ಲೆನ್ಸ್ ಹಾಕಿ ತೆಗೆಯುವ ದಿಕ್ಕೂ ಉಲ್ಟಾ. ಕೈಗೆ ರೂಢಿಯಾಗಲು ಒಂದಿಷ್ಟು ಸಮಯ ಬೇಕು.

ಕಳೆದುಕೊಂಡದ್ದು ಕಪ್ಪೆ, ಹುಳಗಳ ಫೋಟೊದಲ್ಲಿ. ನನ್ನ ಹತ್ತಿರ ರೇನಾಕ್ಸ್ ಡಿಸಿಆರ್-250 ಇದೆ. ಲೆನ್ಸಿನ ಮುಂದೆ ಕ್ಲಿಪ್ ಮಾಡುವ ಪುಟ್ಟ ಭೂತಗನ್ನಡಿ ಅದು, 8 ಡಯಾಪ್ಟರ್ ಶಕ್ತಿ. ಯಾವ ಕಂಪನಿಯ ಲೆನ್ಸಿಗೂ ಕೂರುತ್ತದೆ ಅಂತ ನೆಮ್ಮದಿಯಾಗಿದ್ದೆ. ಕೂತಿತು, ನಿಜ. ಆದರೆ 250 ಎಂಎಂ ಮೇಲೆ ಅದು 2 ಪಟ್ಟು ಹಿಗ್ಗಿಸುತ್ತಿತ್ತು. 140ರ ಮೇಲೆ ಸಿಗುವುದು 1.1 ಪಟ್ಟು ಅಷ್ಟೇ. ಮಳೆಗಾಲದ ಸಣ್ಣ ಕಪ್ಪೆಗಳೇ ನಿಮ್ಮ ಮುಖ್ಯ ವಿಷಯವಾದರೆ ಸುಮ್ನೆ 1500ಡಿ, 55-250, ರೇನಾಕ್ಸ್ ಇಟ್ಟುಕೊಳ್ಳಿ. ಬದಲಾಯಿಸಲು ಕಾರಣವೇ ಇಲ್ಲ.

ಮಲೆನಾಡಿನಲ್ಲಿ ಫಂಗಸ್ ದೊಡ್ಡ ಶತ್ರು. 200-500 ಮಾಮೂಲಿ ಡಬ್ಬದಲ್ಲಿ ಹಿಡಿಯುವುದಿಲ್ಲ. ಗಾಳಿಯಾಡದ ದೊಡ್ಡ ಹಿಟ್ಟಿನ ಡಬ್ಬ ತಂದೆವು, ಒಳಗೆ ಸಿಲಿಕಾ ಜೆಲ್ ಮತ್ತು ತೇವ ತೋರಿಸುವ ಸಣ್ಣ ಮೀಟರ್. ತೇವ ಶೇಕಡಾ 40-50ರ ನಡುವೆ ಇರಬೇಕು. ಜೆಲ್ ಬಣ್ಣ ಬದಲಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡುತ್ತೇವೆ. ಎರಡು ಮಳೆಗಾಲ ಕಳೆದರೂ ಗಾಜು ಸ್ವಚ್ಛ.

ಪಾಲಿನ ಲೆನ್ಸ್ ಅಂದರೆ ಜಗಳ ಆಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಕೊಳ್ಳುವ ಮೊದಲೇ ಒಂದು ಹಾಳೆಯಲ್ಲಿ ಬರೆದುಕೊಂಡೆವು. ವಾರಕ್ಕೊಬ್ಬರ ಪಾಳಿ. ಯಾರಿಗಾದರೂ ಫೀಲ್ಡ್ ವರ್ಕ್ ಇದ್ದರೆ ಪಾಳಿ ಬಿಟ್ಟುಕೊಡಬೇಕು. ಬಿದ್ದು ಒಡೆದರೆ ಕೈಯಲ್ಲಿದ್ದವರೇ ರಿಪೇರಿ ಮಾಡಿಸಬೇಕು. ಯಾರಾದರೂ ಬಿಟ್ಟುಹೋದರೆ ಅವತ್ತಿನ ಸೆಕೆಂಡ್ ಹ್ಯಾಂಡ್ ಬೆಲೆಯ ಮೂರನೇ ಒಂದು ಭಾಗ ಅವರಿಗೆ. ಇನ್ನೊಂದು ವಿಷಯ ಕೊಂಡ ಮೇಲೆ ಗೊತ್ತಾಯಿತು. ಈ ಲೆನ್ಸ್ ನನ್ನ ಬಾಡಿಯ ಮೇಲೆ ಸ್ವಲ್ಪ ಮುಂದಕ್ಕೆ ಫೋಕಸ್ ಆಗುತ್ತಿತ್ತು, ಗೆಳೆಯನ ಬಾಡಿಯ ಮೇಲೆ ಸರಿ ಇತ್ತು. ಡಿ7200 ಮೆನುವಿನಲ್ಲಿ ಎಎಫ್ ಫೈನ್ ಟ್ಯೂನ್ ಇದೆ, ಆಟೋಫೋಕಸನ್ನು ಸ್ವಲ್ಪ ಮುಂದೆ-ಹಿಂದೆ ಸರಿಸುವ ಸೌಲಭ್ಯ ಅದು. ನಾನು +7 ಇಟ್ಟುಕೊಂಡೆ. ಅದು ಬಾಡಿಯಲ್ಲೇ ಉಳಿಯುತ್ತದೆ, ಹಾಗಾಗಿ ಪಾಳಿ ಬದಲಾದರೂ ಮತ್ತೆ ಮುಟ್ಟಬೇಕಿಲ್ಲ. ಜೂಮ್ ಪೂರ್ತಿಗೆ ಒಂದೇ ಸಂಖ್ಯೆ ಇಡಲು ಸಾಧ್ಯ, ನಾನು 500ಕ್ಕೆ ಹೊಂದಿಸಿದ್ದೇನೆ. 1500ಡಿಯಲ್ಲಿ ಈ ಸೌಲಭ್ಯವೇ ಇಲ್ಲ.

ದುಡ್ಡು ಇನ್ನೂ ಕಡಿಮೆ ಇದ್ದರೆ ಡಿ7100 ನೋಡಿ. ಫೋಕಸ್ ಪಾಯಿಂಟ್ ಅಷ್ಟೇ ಇವೆ, ಆದರೆ ಬಫರ್ ಬೇಗ ತುಂಬುತ್ತದೆ. ನಿಮ್ಮ ಗೆಳೆಯರ ಬಳಿ ಕ್ಯಾನನ್ ಇದ್ದರೆ 7ಡಿ ಮಾರ್ಕ್ 2 ಹುಡುಕಿ, ಅದು ಸೆಕೆಂಡಿಗೆ 10 ಚಿತ್ರ ತೆಗೆಯುತ್ತದೆ. ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಹೊಸ ಬಗೆಯ ಕ್ಯಾಮೆರಾ) ಬಂದು ಎಲ್ಲರೂ ನಮ್ಮದರಂಥ ಡಿಎಸ್‌ಎಲ್‌ಆರ್ ಮಾರುತ್ತಿರುವುದು ನಮಗೆ ಲಾಭವೇ. ನಾಳೆ ನಿಕಾನ್ ಕಂಪನಿಯದೇ ಮಿರರ್‌ಲೆಸ್ ಆದ ಝಡ್ ಬಾಡಿ ಕೊಂಡರೂ ಎಫ್‌ಟಿಝಡ್ ಅಡಾಪ್ಟರ್ ಹಾಕಿ ಇದೇ 200-500 ಆಟೋಫೋಕಸ್ ಸಮೇತ ಬಳಸಬಹುದು.

ಈ ತಿಂಗಳು ಮೂವರಲ್ಲಿ ಒಬ್ಬನಿಗೆ ಕೆಲಸ ಸಿಕ್ಕಿ ಹೊರಟಿದ್ದಾನೆ. ಅವನ ಪಾಲಿಗೆ 20,000 ಅಂತ ಬೆಲೆ ಕಟ್ಟಿದ್ದೇವೆ. ಡಿ7100 ಇರುವ ಜೂನಿಯರ್ ಒಬ್ಬ ಕೊಳ್ಳಲು ತಯಾರಿದ್ದಾನೆ. ಭಾನುವಾರ ಅವನ ಬಾಡಿಗೆ ಲೆನ್ಸ್ ಹಾಕಿ ಫೋಕಸ್ ಟೆಸ್ಟ್ ಮಾಡುತ್ತೇವೆ, ದುಡ್ಡಿನ ಮಾತು ಅದಾದ ಮೇಲೆ.