ಹೋಗುವಾಗ ಮೂರು ಒಡಲು, ಬರುವಾಗ ಒಂದು

ಸ್ಪೇನಿನ ಕ್ಯಾನರಿ ದ್ವೀಪಗಳಲ್ಲಿ, ಟೆನೆರಿಫೆಯ ಲಾಸ್ ಕ್ರಿಸ್ಟಿಯಾನೋಸ್ ಬಂದರಿನಿಂದ ಲಾ ಗೋಮೆರಾ ದ್ವೀಪಕ್ಕೆ ಸುಮಾರು 38 ಕಿಲೋಮೀಟರ್. ಹೋಗುವಾಗ 'ಬೆಂಚಿಹಿಗ್ವಾ ಎಕ್ಸ್‌ಪ್ರೆಸ್' ಹತ್ತಿದೆವು. ಬರುವಾಗ ಒಂದೇ ಒಡಲಿನ ಮಾಮೂಲಿ ಉಕ್ಕಿನ ಹಡಗು. ದ್ವೀಪ ನೋಡುವುದು ನೆಪ ಅಷ್ಟೆ, ಯಾವ ಲಾರಿ ಯಾವ ಹಡಗಿಗೆ ಹತ್ತುತ್ತದೆ ಅಂತ ನೋಡಬೇಕಿತ್ತು ನನಗೆ. ಈ ವಿಷಯ ಹೆಂಡತಿಗೆ ಗೊತ್ತಾಗಿದ್ದು ಹಡಗು ಬಿಟ್ಟ ಮೇಲೆ.

ಬೆಂಚಿಹಿಗ್ವಾ ಒಂದು ಟ್ರೈಮರಾನ್, ಅಂದರೆ ನೀರಿಗಿಳಿಯುವ ಒಡಲು ಮೂರು. 127 ಮೀಟರ್ ಉದ್ದ, ಅಲ್ಯೂಮಿನಿಯಂ ಮೈ, 2005ರಲ್ಲಿ ಆಸ್ಟ್ರೇಲಿಯಾದ ಆಸ್ಟಲ್ ಕಂಪನಿ ಕಟ್ಟಿದ್ದು. ನಡುವಿನ ಒಡಲು ಚಾಕುವಿನಂತೆ ತೆಳ್ಳಗೆ, ಅಲೆ ಎಬ್ಬಿಸುವುದು ಕಡಿಮೆ. ಅಷ್ಟು ತೆಳ್ಳಗಿದ್ದರೆ ಮಗುಚಿಕೊಳ್ಳುತ್ತದಲ್ವಾ? ಅದಕ್ಕೇ ಅಕ್ಕಪಕ್ಕ ಎರಡು ಪುಟ್ಟ ಒಡಲು. ಹಿಂದೊಮ್ಮೆ ಇದೇ ದ್ವೀಪಗಳ ನಡುವೆ ಎರಡು ಒಡಲಿನ ಕ್ಯಾಟಮರಾನ್‌ನಲ್ಲಿ ಹೋಗಿದ್ದೆ (ಹೆಸರು ತಮಿಳಿನ ಕಟ್ಟುಮರದಿಂದ ಹೋಗಿದ್ದು). ಅಲ್ಲಿ ಅಡ್ಡ ಅಲೆಗೆ ವಾಲಿದ ಹಡಗು ಝಟ್ ಅಂತ ನೆಟ್ಟಗಾಗುತ್ತಿತ್ತು. ಕಾಫಿ ಚೆಲ್ಲುತ್ತಿದ್ದುದು ವಾಲಿದಾಗಲ್ಲ, ಆ ಝಟ್‌ಗೆ. ಈ ಸಲ ಲೋಟದಲ್ಲಿ ಕಾಫಿ ನಿಧಾನಕ್ಕೆ ಆ ಅಂಚಿಗೆ ಹೋಗಿ, ಈ ಅಂಚಿಗೆ ಬಂತು. ಚೆಲ್ಲಲಿಲ್ಲ. ಅದರ ಮಟ್ಟಿಗೆ ಮೂರು ಒಡಲಿಗೇ ನನ್ನ ಓಟು.

ಸರಕಿನ ಲೆಕ್ಕ ಬೇರೆ. ನಾಲ್ಕು ಡೀಸೆಲ್ ಎಂಜಿನ್ ಸೇರಿ 32 ಮೆಗಾವ್ಯಾಟ್‌ಗೂ ಜಾಸ್ತಿ. ಹೊರುವುದು ಮಾತ್ರ ಸಾವಿರ ಟನ್ ಆಸುಪಾಸು, ಅದರಲ್ಲೇ ಡೀಸೆಲ್, ನೀರು, ಜನ. ಹಡಗಿನ ವೇಗ ಎರಡು ಪಟ್ಟಾದರೆ ಬೇಕಾಗುವ ಶಕ್ತಿ ಎಂಟು ಪಟ್ಟಿನ ಹತ್ತಿರ ಹೋಗುತ್ತದೆ. ಇಷ್ಟು ಡೀಸೆಲ್ ಸುಟ್ಟು ಉಳಿದ ಸಮಯವೆಷ್ಟು? ಹೋಗುವಾಗ 50 ನಿಮಿಷ, ಬರುವಾಗ ಒಂದು ಗಂಟೆ ಚಿಲ್ಲರೆ. ಕಾರು ಹತ್ತಿಸಲು ಕ್ಯೂ ನಿಂತದ್ದೇ ಅದಕ್ಕಿಂತ ಜಾಸ್ತಿ.

ಹಾಗಾದರೆ ನಡೆಯುವುದು ಹೇಗೆ? ಬೇಗ ಹೋದರೆ ಬೇಗ ವಾಪಸ್. ಒಂದೇ ಹಡಗು, ಒಂದೇ ದಿನ, ಜಾಸ್ತಿ ಟ್ರಿಪ್. ದಾರಿ ಚಿಕ್ಕದಿದ್ದು, ಟಿಕೆಟ್ ಕೊಂಡ ಜನರೂ ಜೊತೆಗಿದ್ದರೆ ಗಿಟ್ಟುತ್ತದೆ. ಉದ್ದ ದಾರಿಯಲ್ಲಿ ಕಷ್ಟ. ಟೋಕಿಯೋದಿಂದ ಸಾವಿರ ಕಿಲೋಮೀಟರ್ ದೂರದ ಒಗಸವಾರ ದ್ವೀಪಗಳಿಗೆ ಅಂತ ಜಪಾನ್ ಕಟ್ಟಿಸಿದ 140 ಮೀಟರ್ ಉದ್ದದ ವೇಗದ ಹಡಗು ಟೆಕ್ನೋ ಸೂಪರ್‌ಲೈನರ್, ಎಣ್ಣೆ ಬೆಲೆ ಏರಿದ್ದಕ್ಕೆ 2005ರಲ್ಲಿ ಆ ದಾರಿಗೆ ಇಳಿಯಲೇ ಇಲ್ಲ. ಐರಿಷ್ ಸಮುದ್ರದಲ್ಲಿ ಗ್ಯಾಸ್ ಟರ್ಬೈನ್ (ವಿಮಾನದಲ್ಲಿರುವಂಥ ಎಂಜಿನ್) ಹಾಕಿದ ದೈತ್ಯ ಕ್ಯಾಟಮರಾನ್ 1996ರಿಂದ ಓಡಿತು. 2014ರಲ್ಲಿ ಅದೂ ನಿಂತಿತು.

ಬರುವ ದಿನ ಉಕ್ಕಿನ ಹಡಗಿನ ಕೆಳಗಿನ ಡೆಕ್ಕಿನಲ್ಲಿ ಖಾಲಿ ಗ್ಯಾಸ್ ಸಿಲಿಂಡರ್ ತುಂಬಿದ ಲಾರಿಯ ಹಿಂದೆ ನಮ್ಮ ಕಾರು. ಪಕ್ಕದಲ್ಲಿ ಸಿಮೆಂಟ್ ಮಿಕ್ಸರ್. ಹೋಗುವಾಗ ಕಂಡಿದ್ದು ಕೊರಿಯರ್ ವ್ಯಾನು, ಬ್ರೆಡ್ಡಿನ ವ್ಯಾನು, ತಂಪು ಡಬ್ಬಿಯ ಲಾರಿ. ಸಿಲಿಂಡರ್ ಲಾರಿಯ ಡ್ರೈವರ್ ಮೇಲೆ ಬಂದು ಟೋಪಿ ಮುಖಕ್ಕೆ ಎಳೆದುಕೊಂಡು ಮಲಗಿಬಿಟ್ಟ. ಅರ್ಧ ದಾರಿಯಲ್ಲಿ ಟ್ರೈಮರಾನ್ ಎದುರಿಗೆ ಬಿಳಿ ನೊರೆ ಎಳೆದುಕೊಂಡು ದಾಟಿಹೋಯಿತು. ಅವನು ಕಣ್ಣೂ ಬಿಡಲಿಲ್ಲ.