ಚಲನೆಯ ಸಮೀಕರಣವೋ, ಶಕ್ತಿ ಸಂರಕ್ಷಣೆಯೋ?

25 ಮೀಟರ್ ಎತ್ತರದ ಕಟ್ಟಡದ ಮೇಲಿಂದ ಕಲ್ಲನ್ನು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಎಸೆದಿದ್ದಾರೆ. ಗುರುತ್ವ ವೇಗೋತ್ಕರ್ಷ 10 ಎಂದಿಟ್ಟುಕೊಳ್ಳಿ, ಗಾಳಿಯ ತಡೆ ಬಿಡಿ.

ನೆಲ ಮುಟ್ಟುವಾಗಿನ ವೇಗ ಮಾತ್ರ ಕೇಳಿದ್ದರೆ ಶಕ್ತಿಯ ದಾರಿಯೇ ಸಲೀಸು. ಪ್ರತಿ ಕಿಲೋಗ್ರಾಂಗೆ ಚಲನಶಕ್ತಿ 200 ಜೌಲ್, ಪ್ರಚ್ಛನ್ನಶಕ್ತಿ 250, ಒಟ್ಟು 450. ಇದು ವೇಗದ ವರ್ಗದ ಅರ್ಧ, ಹಾಗಾಗಿ ವೇಗ 30. ಓರೆಯಾಗಿ ಎಸೆದಿದ್ದರೂ ಇದೇ ಉತ್ತರ. ದ್ರವ್ಯರಾಶಿ ಕೊಟ್ಟಿಲ್ಲವೆಂದು ಗಾಬರಿ ಬೇಡ, ಅದು ಎರಡೂ ಕಡೆ ಹೊಡೆದುಹೋಗುತ್ತದೆ.

ಆದರೆ ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಿದರೆ ಶಕ್ತಿಯ ಸಮೀಕರಣದಲ್ಲಿ ಕಾಲವೇ ಇಲ್ಲ. ಆಗ ಚಲನೆಯ ಸಮೀಕರಣ ಹಿಡಿಯಿರಿ. ಮೊದಲು ಚಿತ್ರ ಬರೆದು, ಮೇಲ್ಮುಖ ಧನ ಎಂದು ಬಾಣ ಹಾಕಿ. ಕಾಲ ಟಿ ಆಗಿರಲಿ; ನೆಲ ಎಸೆದ ಜಾಗಕ್ಕಿಂತ 25 ಮೀಟರ್ ಕೆಳಗಿರುವುದರಿಂದ: −25 = 20ಟಿ − 5ಟಿ². ಅಂದರೆ ಟಿ² − 4ಟಿ − 5 = 0; ಬೆಲೆಗಳು 5 ಮತ್ತು −1. ಎಸೆದ ಮೇಲಿನ ಕಾಲ ಬೇಕಿರುವುದರಿಂದ 5 ಸೆಕೆಂಡ್.

ಹೆಚ್ಚಿನವರು ಎಡವುವುದು ಆ −25ರಲ್ಲಿ. +25 ಹಾಕಿದರೆ ಶೋಧಕ (ವರ್ಗ ಸಮೀಕರಣ ಬಿಡಿಸುವಾಗ ವರ್ಗಮೂಲದೊಳಗೆ ಬರುವ b² − 4ac) −4 ಬಂದು ಉತ್ತರವೇ ಸಿಗದು. ಎಸೆದ ಜಾಗದಿಂದ ಕಲ್ಲು ಮೇಲೇರುವುದೇ 20 ಮೀಟರ್. 25ಕ್ಕೆ ಅದು ತಲುಪುವುದೇ ಇಲ್ಲ.